ಊರಿಲ್ಲದ ಕಣಿವೆ

ಮಿಶ್ರಿಕೋಟಿಯ ಭಕ್ತರೊಬ್ಬರ ಪಡಸಾಲೆಯಲ್ಲಿ ತೂಗುಹಾಕಿದ ಒಂದು ಚಿತ್ರವನ್ನು ನಾವು ಈಚೆಗೆ ನೋಡಿದೆವು. ಸ್ಕಾಟ್ಲೆಂಡಿನ ಚಿತ್ರಕಾರ ಹೊರೇಷಿಯೊ ಮೆಕಲಕ್ (1805–1867) 1864ರಲ್ಲಿ ರಚಿಸಿದ 'ಗ್ಲೆನ್‌ಕೊ' ಎಂಬ ತೈಲಚಿತ್ರದ ಮುದ್ರಿತ ಪ್ರತಿ ಅದು. ಮೂಲಕೃತಿ ಗ್ಲಾಸ್ಗೋ ನಗರದ ಕೆಲ್ವಿನ್‌ಗ್ರೋವ್ ಸಂಗ್ರಹಾಲಯದಲ್ಲಿದೆ.

ಚಿತ್ರದ ಸೊಬಗನ್ನು ಮೊದಲು ಒಪ್ಪಿಕೊಳ್ಳಬೇಕು. ಕಡಿದಾದ ಬೆಟ್ಟಗಳು, ಅವುಗಳ ನೆತ್ತಿಯನ್ನು ತಡವುವ ಮೋಡ, ಮುಂಭಾಗದಲ್ಲಿ ಜಿಂಕೆಗಳ ಹಿಂಡು. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಒಂದು ಬಣ್ಣವನ್ನು ಇನ್ನೊಂದರಲ್ಲಿ ಕರಗಿಸಲು ಕಲಾವಿದನಿಗೆ ಅವಕಾಶ ದೊರೆಯುತ್ತದೆ. ಈತನು ಆ ಅವಕಾಶವನ್ನು ಚೆನ್ನಾಗಿ ಬಲ್ಲವನು.

ಅಷ್ಟರಲ್ಲಿ, ನಮ್ಮೊಡನೆ ಬಂದಿದ್ದ ಮುದುಕ ಕುರಿಗಾರನೊಬ್ಬ ಚಿತ್ರವನ್ನು ಬಹಳ ಹೊತ್ತು ನೋಡಿ, "ಅಜ್ಜಾರ, ಇಷ್ಟೆಲ್ಲಾ ಹುಲ್ಲು ಐತಿ, ಊರು ಎಲ್ಲೈತ್ರಿ?" ಎಂದನು. ವಾಚಕರೇ, ವಿಮರ್ಶೆಯ ಗ್ರಂಥಗಳನ್ನು ಓದಿದ ನಮಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಹಿಂಡಿನೊಡನೆ ಊರಿಂದೂರಿಗೆ ನಡೆದು, ರೈತರ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿ ಬದುಕಿದವನಿಗೆ ಹುಲ್ಲು ಕಂಡಲ್ಲಿ ಜನರೂ ಕಾಣಬೇಕು.

ಆ ನಾಡಿನಲ್ಲಿ ಜನರಿದ್ದರು. 1692ರ ಫೆಬ್ರವರಿಯಲ್ಲಿ ಇದೇ ಕಣಿವೆಯ ಮನೆಗಳಲ್ಲಿ ಹನ್ನೆರಡು ದಿನ ಉಂಡು ಮಲಗಿದ ಸೈನಿಕರೇ ಒಂದು ಬೆಳಗಿನ ಜಾವ ಆತಿಥ್ಯವಿತ್ತ ಮ್ಯಾಕ್‌ಡೊನಾಲ್ಡ್ ಕುಲದವರಲ್ಲಿ ಸುಮಾರು 38 ಮಂದಿಯನ್ನು ಕೊಂದರು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಮುಂದೆ, 18ನೆಯ ಶತಮಾನದ ಉತ್ತರಾರ್ಧದಿಂದ 19ನೆಯ ಶತಮಾನದ ನಡುಭಾಗದವರೆಗೆ, ಸ್ಕಾಟ್ಲೆಂಡಿನ ಎತ್ತರದ ನಾಡಿನ ಭೂಮಾಲಿಕರು ಉಣ್ಣೆಯ ಲಾಭಕ್ಕಾಗಿ ಒಕ್ಕಲುಗಳನ್ನು ಎಬ್ಬಿಸಿ ಕುರಿಗಳನ್ನು ತುಂಬಿದರು. ಒಕ್ಕಲೆದ್ದವರಲ್ಲಿ ಎಷ್ಟೋ ಜನ ಕಡಲು ದಾಟಿ ಕೆನಡಾ ಸೇರಿದರು. ಬಳಿಕ ಎಷ್ಟೋ ಕಡೆ ಕುರಿಗಳೂ ಹೋಗಿ, ಶ್ರೀಮಂತರ ಬೇಟೆಗೆಂದು ಜಿಂಕೆಗಳಿಗೆ ನೆಲ ಮೀಸಲಾಯಿತು. ಚಿತ್ರದ ಮುಂಭಾಗದ ಜಿಂಕೆಗಳನ್ನು ಈಗ ಮತ್ತೊಮ್ಮೆ ನೋಡಿರಿ.

ನಿರ್ಜನತೆಯೇ ದೋಷವೆಂದು ನಮ್ಮ ಮಾತಲ್ಲ. ನಮ್ಮವರೇ ಆದ ಕೆ. ವೆಂಕಟಪ್ಪನವರು (1886–1965) ಉದಕಮಂಡಲದ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದಾಗ ಅಲ್ಲಿ ಜನರನ್ನು ಹುಡುಕಬೇಕೆಂದು ನಮಗೆ ಅನ್ನಿಸುವುದಿಲ್ಲ. ಅಲ್ಲಿ ಆ ಗಳಿಗೆಯ ಹವೆಯೇ ವಿಷಯ. ಮೆಕಲಕ್ ಚಿತ್ರಿಸಿದ್ದು ಒಂದು ನಾಡಿನ ಹಿರಿಮೆಯನ್ನು. ನಾಡೆಂದ ಮೇಲೆ ಅಲ್ಲಿ ಬಾಳಿದವರ ಲೆಕ್ಕ ಕೇಳದೆ ತೀರದು. ಆತನು ಸುಳ್ಳು ಬರೆದನೆಂದಲ್ಲ, ಕಂಡದ್ದನ್ನೇ ಬರೆದನು. ಬರಿದಾದುದನ್ನು ಆದಿಯಿಂದಲೂ ಬರಿದೇ ಇತ್ತೆಂಬಂತೆ ತೋರಿಸಿದುದಷ್ಟೇ ನಮ್ಮ ಆಕ್ಷೇಪ.

ಪ್ರತಿಯನ್ನು ಗೋಡೆಯಿಂದ ಇಳಿಸಬೇಕೇ ಎಂದು ಆ ಭಕ್ತರು ಕೇಳಿದರು. ಬೇಡ, ನೋಡಬಂದವರಿಗೆ ಮುದುಕನ ಪ್ರಶ್ನೆಯನ್ನೂ ಹೇಳಿರಿ ಎಂದೆವು.