ಕನ್ನಡದ ನಡುವೆ ಒಂದು ಪೌಂಡ್

ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಒಳಗೆ ಎ.ಸಿ., ಮಾನಿಟರಿಗೆ ಬಟ್ಟೆಯ ಗವಸು, ಗೋಡೆಯಲ್ಲಿ ಊದಿನಕಡ್ಡಿ ಸಿಕ್ಕಿಸಿದ ಗಣಪತಿ. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತ ನಾವು ನಾಲ್ಕು ಜನ ಸೇರಿದರೆ ಮಾತು ಇಲ್ಲಿಂದ ಶುರುವಾಗಿ, ಫ್ಲಾಪಿ, ಡಾಸ್, ವಿಂಡೋಸ್ 95 ಎಂದು ಸಾಗಿ, ‘ಆಗೆಲ್ಲ ಎಷ್ಟು ಸರಳವಾಗಿತ್ತು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನನ್ನ ತಕರಾರು ಈ ಕೊನೆಯ ಮಾತಿಗೆ.

ಡಾಸಿನ ಬಡತನವನ್ನು ನಾವು ಸರಳತೆ ಎಂದು ಕರೆಯುತ್ತಿದ್ದೇವೆ. ಮೊದಲ ಐಬಿಎಂ ಪಿಸಿಯ ಪ್ರೊಸೆಸರಿಗೆ ಎಟಕುತ್ತಿದ್ದ ಮೆಮೊರಿ ಒಟ್ಟು ಒಂದು ಎಂಬಿ. ಅದರಲ್ಲಿ 384 ಕೆಬಿಯನ್ನು ಪರದೆ ಮುಂತಾದ ಯಂತ್ರದ ಸ್ವಂತ ಖರ್ಚಿಗೆ ತೆಗೆದಿಟ್ಟು, ಉಳಿದ 640ನ್ನು ಪ್ರೋಗ್ರಾಮುಗಳಿಗೆ ಬಿಟ್ಟಿದ್ದರು. ಮುಂದೆ ಯಂತ್ರಕ್ಕೆ ನಾಲ್ಕು ಎಂಬಿ ಹಾಕಿಸಿದರೂ ಆ ಗೆರೆ ಅಳಿಯಲಿಲ್ಲ. ಒಂದು ಗೇಮ್ ಆಡಬೇಕಾದರೆ ಕಾನ್ಫಿಗ್ ಫೈಲು ತೆರೆದು ಯಾವುದೋ ಡ್ರೈವರನ್ನು ಹೊರಗಟ್ಟಬೇಕಿತ್ತು, ಚಿಕ್ಕ ಮನೆಗೆ ನೆಂಟರು ಬಂದಾಗ ಮಂಚವನ್ನು ಜಗುಲಿಗೆ ಸಾಗಿಸುವ ಹಾಗೆ. ಫೈಲಿನ ಹೆಸರಿಗಂತೂ ಎಂಟೇ ಇಂಗ್ಲಿಷ್ ಅಕ್ಷರ, ಒಂದು ಚುಕ್ಕಿ, ಆಮೇಲೆ ಮೂರು. ನಾನು ಕೆಲಸಕ್ಕಿದ್ದ ಕಡೆ ರಾಮಚಂದ್ರಪ್ಪ, ರಾಮಚಂದ್ರಯ್ಯ ಇಬ್ಬರೂ ಎಂಟಕ್ಷರದ ‘ರಾಮಚನ್’ ಆಗಿ, ಒಬ್ಬರ ಲೆಕ್ಕ ಇನ್ನೊಬ್ಬರ ಕೆಳಗೆ ಶಾಶ್ವತವಾಗಿ ಹೂತುಹೋಯಿತು. ಸರಳ!

ಒಂದು ಗುಣ ಮಾತ್ರ ಒಪ್ಪಬೇಕು. ಡಾಸ್ ಹೇಳಿದ್ದಷ್ಟೇ ಮಾಡುತ್ತಿತ್ತು. ಕರೆಯದೆ ಬಾಯಿ ಹಾಕುತ್ತಿರಲಿಲ್ಲ. ಇವತ್ತಿನ ಫೋನು ಗಂಟೆಗೆ ಹತ್ತು ಸಲ ತಿವಿಯುವಾಗ ಆ ಕಪ್ಪು ಪರದೆಯ ಮೌನ ನೆನಪಾದರೆ ಅದರಲ್ಲಿ ತಪ್ಪಿಲ್ಲ.

1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95ನ್ನು ನಾನು ಇನ್ನೂ ಹೆಚ್ಚು ಮೆಚ್ಚುತ್ತೇನೆ. ಸ್ಟಾರ್ಟ್ ಬಟನ್ ದೊಡ್ಡ ಯೋಚನೆ. ಎಲ್ಲಿಂದ ಶುರು ಮಾಡಲಿ ಎಂದು ತಡವರಿಸುವವರಿಗೆ ‘ಶುರು’ ಎಂದೇ ಬರೆದು ಮೂಲೆಯಲ್ಲಿಟ್ಟರು. ಫೈಲಿಗೆ ಉದ್ದ ಹೆಸರೂ ಬಂತು. ಆದರೆ ಒಳಗೆ ಹಳೆಯ ಎಂಟಕ್ಷರವೇ ಅಲೆಯಂಥ ಗೀಟು ಎಳೆದುಕೊಂಡು ಉಳಿದಿತ್ತು: ಊರಿಗೆ ವಿಶಾಲಾಕ್ಷಮ್ಮ, ಮನೆಯೊಳಗೆ ಪುಟ್ಟಿ. ಎಲ್ಲರೂ ಹಂಬಲಿಸುವ ಆ ಶುರುವಿನ ನಾದವನ್ನು ರಚಿಸಿದ ಬ್ರಯಾನ್ ಈನೋ, ತಾನದನ್ನು ಮಾಡಿದ್ದು ಆಪಲ್ ಮ್ಯಾಕ್‌ನಲ್ಲಿ ಎಂದು ಆಮೇಲೆ ಹೇಳಿ ನಗಿಸಿದ. ಈ ವ್ಯವಸ್ಥೆಯಲ್ಲೊಂದು ದೋಷವೂ ಇತ್ತು. ಮಿಲಿಸೆಕೆಂಡುಗಳ ಎಣಿಕೆ ತುಂಬಿ, ಸುಮಾರು 49.7 ದಿನ ಆರಿಸದೆ ಬಿಟ್ಟರೆ ಯಂತ್ರ ಸ್ತಬ್ಧವಾಗಬಹುದಿತ್ತು. ನಮ್ಮಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ದಿನಕ್ಕೆರಡು ಸಲ ಕರೆಂಟು ಹೋಗುತ್ತಿದ್ದ ಊರಲ್ಲಿ 49 ದಿನ ಎಲ್ಲಿಂದ ತರುವುದು?

ಇಷ್ಟೆಲ್ಲ ನೆನೆಯುವ ಕನ್ನಡಿಗರು ಒಂದನ್ನು ಮಾತ್ರ ಮರೆಯುತ್ತೇವೆ: ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ವಿಂಡೋಸ್ ಅದನ್ನು ‘ತುಂಗಾ’ ಫಾಂಟಿನ ಸಮೇತ ಒಳಗೆ ಬಿಟ್ಟುಕೊಂಡದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ನಡೆದದ್ದು ವೇಷ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟುಗಳು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇರದಿದ್ದರೆ ನಮ್ಮ ಆಮಂತ್ರಣಪತ್ರಿಕೆ, ಕಥಾಸಂಕಲನಗಳು ಡಿಟಿಪಿ ಅಂಗಡಿಯ ಬಾಗಿಲು ದಾಟುತ್ತಿರಲಿಲ್ಲ. ಅವರ ಋಣ ದೊಡ್ಡದು. ಆದರೂ ವೇಷ ವೇಷವೇ.

ಮೊನ್ನೆ ಅಂಥದೊಂದು ಫೈಲು ತೆರೆದೆ. ಅಪ್ಪನ ಷಷ್ಟ್ಯಬ್ದಿಗೆ ನಾನೇ ಟೈಪು ಮಾಡಿದ್ದ ನಾಲ್ಕು ಪುಟ. ಫಾಂಟ್ ಇರಲಿಲ್ಲ. ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಒಂದು ಜರ್ಮನ್ ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಮತ್ತದೇ ಎ. ವಿಂಡೋಸ್ 95 ಬೇಕೆಂದವರು ಅದನ್ನು ಇವತ್ತೂ ಎಮ್ಯುಲೇಟರಿನಲ್ಲಿ ಓಡಿಸಬಹುದು. ಆ ನಾದ ಕೇಳಬಹುದು, ಸಾಲಿಟೇರ್ ಆಡಬಹುದು. ಯಂತ್ರ ಉಳಿದಿದೆ. ನಾವು ಅದರಲ್ಲಿ ಬರೆದದ್ದು ಉಳಿದಿಲ್ಲ.

ಆ ಪುಟಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಕ್ಕೆ ಹಾಕಿದೆ. ಬಹುಪಾಲು ಹಿಂದಿರುಗಿತು. ಆದರೆ ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕೈ ಬರೆಯುವ ಕ್ರಮದಲ್ಲೇ, ಅಕ್ಷರ ಮುಗಿದ ಮೇಲೆ ಒತ್ತುತ್ತಿದ್ದೆವು. ಯೂನಿಕೋಡಿಗೆ ಅದು ಉಚ್ಚಾರದ ಕ್ರಮದಲ್ಲಿ ಮೊದಲೇ ಬೇಕು. ಈ ಅದಲುಬದಲು ನನ್ನ ಪರಿವರ್ತಕಕ್ಕೆ ಗೊತ್ತಿರಲಿಲ್ಲ. ಅಪ್ಪ ‘ಧಮರ್’ ಬಿಡದೆ ನಡೆದವರು, ‘ಕನಾರ್ಟಕ’ದ ಹತ್ತಾರು ಊರುಗಳಲ್ಲಿ ಮೇಷ್ಟ್ರಾಗಿದ್ದವರು ಎಂದು ಅದು ಬರೆದುಕೊಟ್ಟಿತು. ರಾತ್ರಿ ಕೂತು ಒಂದೊಂದಾಗಿ ತಿದ್ದುತ್ತಿದ್ದೇನೆ. ಮೂರನೇ ಪುಟಕ್ಕೆ ಬಂದಿದ್ದೇನೆ.