ಒಂದು ಗೇಣಿನ ಅಂತರ

ಅಂಗೈಯನ್ನು ಬಾಯಿಗೆ ಹತ್ತಿರ ಹಿಡಿದು ‘ಮಾವ’ ಎಂದರೆ ಏನೂ ಆಗುವುದಿಲ್ಲ. ‘ಭಾವ’ ಎಂದರೆ ಉಸಿರು ಅಂಗೈಗೆ ಬಡಿಯುತ್ತದೆ. ಸ್ಟುಡಿಯೋದ ಕಂಡೆನ್ಸರ್ ಮೈಕಿನೊಳಗೆ ಇರುವುದು ಕೂದಲಿಗಿಂತ ತೆಳುವಾದ, ಚಿನ್ನದ ಲೇಪವಿರುವ ಪೊರೆ. ಆ ಬಡಿತ ಅದಕ್ಕೆ ತಗುಲಿದರೆ ಹಾಡಿನ ನಡುವೆ ‘ಧಬ್’ ಎಂಬ ಸದ್ದು ಕೂತುಬಿಡುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ ವ್ಯಾಕರಣದ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿರುವುದು ಮೈಕಿಗೇ. ಇದಕ್ಕೆ ಮದ್ದು ಸರಳ: ಮುಂದೆ ಉಸಿರು ತಡೆಯುವ ಒಂದು ಪಾಪ್ ಫಿಲ್ಟರ್, ಮೈಕಿಗೆ ಕೊಂಚ ಓರೆ, ಬಾಯಿಗೂ ಮೈಕಿಗೂ ನಡುವೆ ಸುಮಾರು ಒಂದು ಗೇಣು.

ಈ ಗೇಣಿಗೆ ಇನ್ನೊಂದು ಕಾರಣವೂ ಇದೆ. ಎದುರಿನ ದನಿಗೆ ಮಾತ್ರ ಕಿವಿಗೊಡುವ ಮೈಕುಗಳು ಬಾಯಿ ಹತ್ತಿರವಾದಷ್ಟೂ ತಗ್ಗಿನ ದನಿಯನ್ನು ಉಬ್ಬಿಸುತ್ತವೆ. ರೇಡಿಯೋ ನಿರೂಪಕರಿಗೆ ಇದು ಬಲು ಇಷ್ಟ. ಆದರೆ ತಲೆದೂಗುತ್ತ ಹಾಡುವವರಿಗೆ ಪಲ್ಲವಿಯಲ್ಲೊಂದು ಕಂಠ, ಚರಣದಲ್ಲೊಂದು ಕಂಠ ಬಂದುಬಿಡುತ್ತದೆ. ತೀರ ದೂರ ಸರಿದರೆ ಕೋಣೆಯೇ ಹಾಡತೊಡಗುತ್ತದೆ. ಅದನ್ನೇ ವರವಾಗಿಸಿಕೊಂಡವರೂ ಇದ್ದಾರೆ. 1977ರಲ್ಲಿ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಡೇವಿಡ್ ಬೋವಿ ‘ಹೀರೋಸ್’ ಹಾಡುವಾಗ ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕು ನಿಲ್ಲಿಸಿದ್ದರು: ಒಂದು ಗೇಣುದ್ದ ದೂರದಲ್ಲಿ, ಇನ್ನೊಂದು ಸುಮಾರು 20 ಅಡಿ ಆಚೆ, ಮೂರನೆಯದು 50 ಅಡಿ ಆಚೆ. ದೂರದವೆರಡು ತೆರೆದುಕೊಳ್ಳುತ್ತಿದ್ದುದು ದನಿ ಏರಿದಾಗ ಮಾತ್ರ. ಆ ಹಾಡಿನ ಕೊನೆಯ ಆರ್ಭಟದಲ್ಲಿ ಕೇಳುವ ವಿಶಾಲತೆ ಹಾಡಿದ ಹೊತ್ತಿನಲ್ಲೇ ಹುಟ್ಟಿದ್ದು, ಆಮೇಲೆ ಹಚ್ಚಿದ ಬಣ್ಣವಲ್ಲ.

ಮನೆಯಲ್ಲೇ ಸ್ಟುಡಿಯೋ ಕಟ್ಟುವವರು ಮೊದಲು ಕನವರಿಸುವುದು ನಾಯ್ಮನ್ ಯು 87 ಮೈಕನ್ನು. 1967ರಲ್ಲಿ ಬಂದ ಈ ಜರ್ಮನ್ ಕಂಡೆನ್ಸರ್ ಮೈಕು ಒಳ್ಳೆಯದೇ, ತಕರಾರಿಲ್ಲ. ಆದರೆ ಕಂಡೆನ್ಸರ್ ಕಂಠವನ್ನಷ್ಟೇ ಕೇಳಿಸಿಕೊಂಡು ಸುಮ್ಮನಿರುವುದಿಲ್ಲ. ಫ್ಯಾನು, ಪಕ್ಕದ ಮನೆಯ ಕುಕ್ಕರ್ ಸೀಟಿ, ಬೀದಿಯಲ್ಲಿ ಸೊಪ್ಪು ಮಾರುವವರ ಕೂಗು ಎಲ್ಲಕ್ಕೂ ಅದು ಸಮಾನ ಮರ್ಯಾದೆ ಕೊಡುತ್ತದೆ. 1982ರ ‘ಥ್ರಿಲ್ಲರ್’ ಆಲ್ಬಮ್ಮಿನಲ್ಲಿ ಮೈಕಲ್ ಜಾಕ್ಸನ್ ಕಂಠಕ್ಕೆ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಬಳಸಿದ್ದು ಶೂರ್ ಎಸ್‌ಎಂ7 ಎಂಬ, ಕಂಡೆನ್ಸರ್ ಅಲ್ಲದ ಡೈನಮಿಕ್ ಮೈಕು. ಸ್ಟುಡಿಯೋಗಳ ಪ್ರತಿಷ್ಠಿತ ಕಂಡೆನ್ಸರುಗಳ ಮುಂದೆ ಅದು ಅಗ್ಗದ ಸಾಮಾನು. ಬರಿಗೋಡೆಯ ಕೋಣೆಯಲ್ಲಿ ದುಬಾರಿ ಮೈಕು ನಿಲ್ಲಿಸುವುದಕ್ಕಿಂತ ಗಾಯಕನ ಹಿಂದೆ ಎರಡು ದಪ್ಪ ಕಂಬಳಿ ಇಳಿಬಿಡುವುದು ಮೇಲು.

ಮೈಕು ಕೊಟ್ಟ ನಿಜವಾದ ವರವೆಂದರೆ ಮೆಲ್ಲಗೆ ಹಾಡುವ ಸ್ವಾತಂತ್ರ್ಯ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಾಗಿ ಹಾಡಿದ್ದು ಮೈಕಿಗಲ್ಲ, ಕಹಳೆಯಂಥ ಕೊಳವೆಯ ಬಾಯಿಗೆ. ಅಲ್ಲಿ ಗಟ್ಟಿ ಕಂಠಕ್ಕೇ ಬೆಲೆ. ಪಿ.ಬಿ. ಶ್ರೀನಿವಾಸ್ ಅವರ ಮಂದ್ರದ ಮಾರ್ದವ ಆ ಕಹಳೆಯೊಳಗೆ ಉಳಿಯುತ್ತಿತ್ತೇ ಎಂಬುದು ಅನುಮಾನ.

ಹಾಗೆ ಮೆಲ್ಲಗೆ ಹಾಡಿದ್ದು ವಾದ್ಯಗಳ ನಡುವೆ ಮುಳುಗಬಾರದಲ್ಲ, ಅದಕ್ಕೇ ಕಂಪ್ರೆಸರ್. ನಾಲ್ಕಕ್ಕೊಂದು ಎಂದು ತಿರುಗಿಸಿಟ್ಟರೆ, ನಾವು ಗೊತ್ತುಮಾಡಿದ ಗೆರೆಗಿಂತ 8 ಡೆಸಿಬೆಲ್ ಮೇಲೆ ಹಾರಿದ ದನಿ 2 ಡೆಸಿಬೆಲ್ಲಿಗೆ ತಗ್ಗುತ್ತದೆ. ಆಮೇಲೆ ಒಟ್ಟು ದನಿಯನ್ನು ಏರಿಸಿದರೆ ಸಣ್ಣದೂ ಕಿವಿಗೆ ಬೀಳುತ್ತದೆ. ಕನ್ನಡಕ್ಕೆ ಇದು ಬೇಕೇಬೇಕು. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ಗಾಯಕರು ಆ ಕೊನೆಯ ಅಕ್ಷರವನ್ನು ನುಂಗುವುದೂ ಹೆಚ್ಚು. ಭಾವಗೀತೆಯಲ್ಲಿ ವಿಭಕ್ತಿ ಕೇಳದಿದ್ದರೆ ಅರ್ಥವೇ ಕೆಟ್ಟಿತು. ಆದರೆ ಅತಿಯಾದರೆ ಉಸಿರೆಳೆತವೂ ಪದದಷ್ಟೇ ಜೋರು, ‘ಶ’ ‘ಸ’ಗಳು ಸೂಜಿಯಂತೆ ಚುಚ್ಚುತ್ತವೆ. ಆಗ ಡಿ-ಎಸ್ಸರ್ ಹಾಕಿ ಸಾಮಾನ್ಯವಾಗಿ 5ರಿಂದ 8 ಸಾವಿರ ಹರ್ಟ್ಸ್ ನಡುವಿನ ಮೊನಚನ್ನು ತಗ್ಗಿಸುತ್ತಾರೆ. ಅದೂ ಅತಿಯಾದರೆ ‘ಸಂಜೆ’ಯನ್ನು ಮುಂದಿನ ಹಲ್ಲು ಬಿದ್ದ ಮಗು ಹೇಳಿದಂತಿರುತ್ತದೆ. ಒಂದು ಔಷಧದ ಅಡ್ಡಪರಿಣಾಮಕ್ಕೆ ಇನ್ನೊಂದು ಔಷಧ.

ನಿಜವಾದ ಜಗಳ ಇರುವುದು ಶ್ರುತಿ ತಿದ್ದುವ ತಂತ್ರಾಂಶದ ಜೊತೆ. ತೈಲ ಹುಡುಕಲು ಭೂಮಿಯೊಳಗಿನ ಪ್ರತಿಧ್ವನಿಗಳನ್ನು ಲೆಕ್ಕ ಹಾಕುತ್ತಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ಅವರ ಆಟೋಟ್ಯೂನ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಮರುವರ್ಷವೇ ಶೆರ್ ಹಾಡಿದ ‘ಬಿಲೀವ್’ ಅದರ ಯಂತ್ರದಂಥ ದನಿಯನ್ನು ಅಲಂಕಾರವಾಗಿ ಮೆರೆಸಿತು. ಅಲ್ಲಿ ಅದು ಬೇಕೆಂದೇ ಮಾಡಿದ್ದು, ಒಪ್ಪಬಹುದು. ಆದರೆ ಕರ್ನಾಟಕ ಸಂಗೀತದ ತೋಡಿ ರಾಗದ ಗಾಂಧಾರವನ್ನು ನೋಡಿ. ಅದು ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ಮೇಲಕ್ಕೂ ಕೆಳಕ್ಕೂ ತೂಗುತ್ತಲೇ ಇರಬೇಕು, ಆ ತೂಗಾಟವೇ ರಾಗ. ಹಾರ್ಮೋನಿಯಂ ಮನೆಗಳಷ್ಟನ್ನೇ ಬಲ್ಲ ತಂತ್ರಾಂಶಕ್ಕೆ ಅದು ತಪ್ಪಾಗಿ ಕಾಣುತ್ತದೆ. ತಿದ್ದುವ ವೇಗ ಹೆಚ್ಚಿದ್ದರೆ ಕಂಪಿತ ಗಮಕವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹಾಕುತ್ತದೆ. ರಾಗದ ನೆರಳಿರುವ ಭಾವಗೀತೆಗೂ ಇದೇ ಗತಿ. ಗಾಯಕಿ ಹಾಡಿದ್ದು ಸರಿಯಾಗಿಯೇ ಇತ್ತು, ತಿದ್ದಿದ ಮೇಲೆ ಅಪಸ್ವರದ ಭಾವನೆ ಬಂತು!

ತಪ್ಪು ಯಂತ್ರದ್ದಲ್ಲ, ಅದನ್ನು ಇಡೀ ಹಾಡಿನ ಮೇಲೆ ಹಾಸಿ ಎದ್ದು ಹೋಗುವ ಸೋಮಾರಿತನದ್ದು. ಈಗಿನ ತಂತ್ರಾಂಶಗಳಲ್ಲಿ ಪ್ರತಿ ಸ್ವರವೂ ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಎಲ್ಲಿ ಮುಟ್ಟಬೇಕು, ಎಲ್ಲಿ ಬಿಡಬೇಕು ಎಂದು ಆರಿಸಬಹುದು. ಅದಕ್ಕೆ ರಾಗ ಗೊತ್ತಿರುವ ಕಿವಿ ಬೇಕು, ಇಲ್ಲವೇ ಪಕ್ಕದಲ್ಲಿ ಗಾಯಕಿಯನ್ನೇ ಕೂರಿಸಿಕೊಳ್ಳಬೇಕು. ಒಂದು ಸಾಲು ನಿಜಕ್ಕೂ ಜಾರಿದ್ದರೆ ಬಿಸಿನೀರು ಕುಡಿಸಿ ಆ ಸಾಲನ್ನಷ್ಟೇ ಮತ್ತೆ ಹಾಡಿಸಬಹುದು. ಐದು ನಿಮಿಷದ ಕೆಲಸ.