ಸಾಕವ್ವ ಯಾರೊಡನೆ ಮಾತಾಡುತ್ತಾಳೆ?

ಕಳೆದ ವರ್ಷ ನನ್ನ ತರಗತಿಯವರಿಗೆ ಒಂದು ಕೆಲಸ ಕೊಟ್ಟಿದ್ದೆ. ಯಾವುದಾದರೂ ಕೃತಿಯ ಸ್ವಗತವೊಂದನ್ನು ಅಭಿನಯಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿ ತರಬೇಕು. ನಂಜನಗೂಡು ಸೀಮೆಯ, ನಮ್ಮದೇ ಕೇರಿಯಂಥ ಕೇರಿಯಿಂದ ಬಂದ ಹುಡುಗಿಯೊಬ್ಬಳು ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನನ್ನು ಆರಿಸಿಕೊಂಡಳು. ಹುಂಜ ಕಳಕೊಂಡ ಮುದುಕಿಯ ಮಾತು. ಗೋಡೆಗೆ ಬೆನ್ನು ಕೊಟ್ಟು, ಕ್ಯಾಮೆರಾವನ್ನೇ ನೋಡುತ್ತ, ಒಂದಕ್ಷರ ತಪ್ಪದೆ ಒಪ್ಪಿಸಿದ್ದಳು. ಭಾಷೆ ಅವಳ ಮನೆಯದೇ. ಆದರೂ ತೆರೆಯ ಮೇಲೆ ಸುಳ್ಳಾಗಿ ಕಂಡಿತು.

ಯಾಕೆಂದು ನನಗೆ ಹೊಳೆಯಲಿಲ್ಲ. ಜೊತೆಯಲ್ಲಿ ಕೂತಿದ್ದ ಹಿರಿಯ ಅಧ್ಯಾಪಕರೊಬ್ಬರಿಗೆ ಮಾತ್ರ ತಕ್ಷಣ ಹೊಳೆಯಿತು: 'ಭಾಷೆ ಸ್ವಲ್ಪ ತಿದ್ದಿಸ್ರಿ, ಬೇರೆ ಜಿಲ್ಲೆಯೋರಿಗೆ ಅರ್ಥ ಆಗಲ್ಲ.' ಹುಡುಗಿ ತಲೆ ತಗ್ಗಿಸಿದಳು. ತಗ್ಗಿದ ಆ ತಲೆಯೇ ಈ ಬರಹಕ್ಕೆ ಕಾರಣ.

ರಂಗಭೂಮಿಯಲ್ಲಿ ಸ್ವಗತ ನಿಜಕ್ಕೂ ಸ್ವಗತವಲ್ಲ. ಕತ್ತಲಲ್ಲಿ ಕೂತ ಜನ ಕೇಳುತ್ತಿರುತ್ತಾರೆ, ನಗುತ್ತಾರೆ, ಲೊಚಗುಟ್ಟುತ್ತಾರೆ. ಉಮಾಶ್ರೀಯವರ ಸಾಕವ್ವನನ್ನು ರಂಗದ ಮೇಲೆ ಕಂಡವರು ಇವತ್ತಿಗೂ ನೆನೆಯುತ್ತಾರೆ, ನಾನು ಕಂಡವನಲ್ಲ. ಕ್ಯಾಮೆರಾ ಮೂಗಿನ ತುದಿಯವರೆಗೂ ಬರುತ್ತೆ, ಆದರೆ ಹೂಂಗುಟ್ಟುವುದಿಲ್ಲ. ಹಿಂದಿನ ಸಾಲಿಗೆ ಮುಟ್ಟುವ ದನಿ ಅಲ್ಲಿ ಕೂಗಾಟವಾಗುತ್ತದೆ, ದನಿ ತಗ್ಗಿಸಿದರೆ ಬಾಯಿಪಾಠವಾಗುತ್ತದೆ.

ನಮ್ಮ ಸಿನಿಮಾ ಇದನ್ನು ಹೇಗೆ ದಾಟಿತು? 1970ರ 'ಸಂಸ್ಕಾರ'ದಲ್ಲಿ ಪ್ರಾಣೇಶಾಚಾರ್ಯರ ಒಳಗುದಿಯ ಬಹುಪಾಲನ್ನು ಗಿರೀಶ ಕಾರ್ನಾಡರ ಮುಖವೂ ನಡಿಗೆಯೂ ಹೊತ್ತವು. ನಾವು ನಂಬಿದೆವು. ಓದಿದ ಬ್ರಾಹ್ಮಣ ಒಬ್ಬನೇ ಯೋಚಿಸುತ್ತ ನಡೆಯುವುದು ನಮಗೆ ಸಾಹಿತ್ಯದಲ್ಲಿ ಮೊದಲೇ ರೂಢಿಯಾಗಿದೆ. ಪುಟಗಟ್ಟಲೆ ಆಚಾರ್ಯರ ಒಳಗನ್ನು ಬಗೆಯುವ ಅನಂತಮೂರ್ತಿಯವರ ಕಾದಂಬರಿ, ಅಪ್ಪ ಅವ್ವ ಸತ್ತು ಗುಡಿಸಲು ಬೆಂದ ಬೆಳ್ಳಿಗೆ ಅಂಥ ಒಂದು ಪುಟವನ್ನೂ ಕೊಡುವುದಿಲ್ಲ. ಪುಟದಲ್ಲೇ ಇಲ್ಲದ್ದು ತೆರೆಗೆ ಎಲ್ಲಿಂದ ಬಂದೀತು?

1975ರ 'ಚೋಮನ ದುಡಿ'ಯಲ್ಲಿ ಬಿ.ವಿ. ಕಾರಂತರು ಚೋಮನ ಒಳಮಾತನ್ನು ದುಡಿಗೆ ಒಪ್ಪಿಸಿದರು. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು, ನ್ಯಾಯವಾಗಿಯೇ ಬಂತು. ಕೊನೆಯ ಆ ಬಡಿತ ಕೇಳಿ ನನಗೂ ಗಂಟಲು ಕಟ್ಟಿದೆ. ಆದರೂ ಒಂದು ಅನುಮಾನ ಬಿಡುವುದಿಲ್ಲ. ಒಡಲು ಕುದಿದಾಗೆಲ್ಲ ದುಡಿಯೇ ಮಾತಾಡಬೇಕು ಅಂದರೆ ಚೋಮನಿಗೆ ಮಾತೇ ಇರಲಿಲ್ಲ ಅಂತ ನಾವು ಒಪ್ಪಿದ ಹಾಗಾಗಲಿಲ್ಲವೆ? ತಮಟೆ ಬಡಿಯೋರು ತಮಟೆ ಕೆಳಗಿಟ್ಟ ಮೇಲೆ ಎಷ್ಟು ಮಾತಾಡ್ತಾರೆ ಅನ್ನೋದು ಕೇರಿಯವರಿಗೆ ಗೊತ್ತು.

ಹುಡುಗಿಯೂ ನಾನೂ 'ಒಡಲಾಳ'ವನ್ನು ಮತ್ತೆ ಓದಿದೆವು. ಆಗ ಕಂಡದ್ದು ಇಷ್ಟೆ: ಸಾಕವ್ವ ತನ್ನೊಳಗೇ ತಾನು ಮಾತಾಡಿಕೊಳ್ಳುವವಳಲ್ಲ. ಅವಳ ಮಾತು ಹುಂಜಕ್ಕೆ, ಮನೆಮಕ್ಕಳಿಗೆ, ಎದುರಿಗೆ ಸಿಕ್ಕವರಿಗೆ ಹೋಗಿ ತಾಗುತ್ತದೆ. ನಾವು ಸ್ವಗತವೆಂದು ಕತ್ತರಿಸಿಕೊಂಡದ್ದು ಒಂದು ಮಾತುಕತೆಯ ಅರ್ಧ. 'ಕುಸುಮಬಾಲೆ'ಯಲ್ಲಿ ದೀಪಗಳೂ ಜೋತಮ್ಮಗಳಾಗಿ ಒಂದೆಡೆ ಕೂಡಿ ಮಾತಾಡುತ್ತವೆ. ಕೇಳುವ ಕಿವಿಯಿಲ್ಲದೆ ಅಲ್ಲಿ ಮಾತೇ ಹುಟ್ಟುವುದಿಲ್ಲ. ಇದನ್ನು ಗೋಡೆಗೆ ನಿಲ್ಲಿಸಿದರೆ, ಅಥವಾ ಹಿನ್ನೆಲೆ ದನಿ ಮಾಡಿ ಮೋಡದ ಮೇಲೆ ತೇಲಿಸಿದರೆ, ಉಳಿಯುವುದು ಅನುಕಂಪ ಮಾತ್ರ.

ಇನ್ನೊಂದು ಮಾತು. ನಮ್ಮ ಪಾತ್ರಗಳನ್ನು ನಮ್ಮವರೇ ಮಾಡಬೇಕು ಎಂಬ ವಾದ ಇದೆ. ಅವಕಾಶದ ಪ್ರಶ್ನೆಯಾಗಿ ನಾನು ಅದರ ಪರ. ಆದರೆ ಹುಟ್ಟೇ ಅಭಿನಯವಲ್ಲ. ಅದೇ ಕೇರಿ, ಅದೇ ಭಾಷೆ, ಅದೇ ಹುಡುಗಿ. ಮೊದಲ ಸಲ ಸೋತಳಲ್ಲ!

ಎರಡನೇ ಸಲ ಅವಳು ಊರಿಗೆ ಹೋದಳು. ಮಂಕರಿ ಎತ್ತಿ, ಸೌದೆ ಸರಿಸಿ ಹುಂಜ ಹುಡುಕುತ್ತ, ಚೌಕಟ್ಟಿನ ಆಚೆ ಕೂತ ತನ್ನ ಅಜ್ಜಿಗೆ ಹೇಳುತ್ತ ಹೋದಳು. ತಮ್ಮ ಹಿಡಿದ ಮೊಬೈಲು ಅಲ್ಲಾಡುತ್ತಿತ್ತು. ಎರಡು ಕಡೆ ಮಾತು ಮರೆತಳು; ಅಜ್ಜಿ 'ಊಂ, ಆಮೇಕೆ?' ಅಂದದ್ದೇ ಮುಂದಿನ ಮಾತಿಗೆ ದಾರಿಯಾಯಿತು. ಮಾತಿಗಿಂತ ಕೈಗೆ ಹೆಚ್ಚು ಅವಸರವಿತ್ತು. ಒಂದು ಶಬ್ದವನ್ನೂ ತಿದ್ದಿಸಲಿಲ್ಲ.

ತೋರಿಸಿದ ದಿನ ಹಿರಿಯ ಅಧ್ಯಾಪಕರು ಏನೂ ಹೇಳದೆ ಎದ್ದುಹೋದರು. ಅಜ್ಜಿಗೆ ತೋರಿಸಿದೆಯಾ ಅಂತ ಕೇಳಿದೆ. 'ತೋರಿಸ್ದೆ ಸಾರ್. ಪೂರಾ ನೋಡ್ಬುಟ್ಟು, ಅದ್ಸರಿ ಕೂಸೇ, ಹುಂಜ ಸಿಕ್ತಾ ಅಂತ ಕೇಳುದ್ಲು.'